ಕನ್ಯಾ ನೋಡಾಕ ಹೋದಾಗ ಬಾಯಿ ಬಿಡಬ್ಯಾಡ ಅಂತಾರ

ಈ ಸಲ ಬಂದ ಪತ್ರದಾಗ ಮೂರು ಪತ್ರ ಒಂದೇ ವಿಷಯದ್ದು, ಉಗ್ಗು. ಒಂದು ಸಿಂಧನೂರು ಕಡಿಂದ, ಒಂದು ಕೊಪ್ಪಳದಿಂದ, ಇನ್ನೊಂದು ಮಾನ್ವಿ ತಾಲೂಕಿನ ಒಬ್ಬರು ಮೇಷ್ಟ್ರು ಬರ್ದಿದ್ದು. ಉಳಿದ ಪ್ರಶ್ನೆ ಮುಂದಿನ ಸಂಚಿಕೆಗೆ ಇಟ್ಕೊಂಡೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಾನು ಬಳ್ಳಾರಿಯಾಗ ಸ್ಪೀಚ್ ಥೆರಪಿ ಮಾಡಾಕಿ, ಅದಕ್ಕಿಂತ ಮೊದ್ಲು ಉಗ್ಗೋ ಅಪ್ಪನ ಮಗಳು, ಹಂಗಾಗಿ ಉತ್ತರ ಉದ್ದ ಆಗ್ಯಾವ.

ಪ್ರಶ್ನೆ: ಅಕ್ಕಾರ, ನನಗ 27 ವರ್ಷ. ಸಿಂಧನೂರು ಹತ್ರ ಹಳ್ಳಿ, ಬಿ.ಕಾಂ ಮುಗಿಸಿ ಗಂಗಾವತಿಯಾಗ ಒಂದು ರೈಸ್ ಮಿಲ್ಲಿನ ಆಫೀಸಿನಾಗ ಲೆಕ್ಕ ಬರಿತೀನಿ. ಸಣ್ಣವನಿದ್ದಾಗಿಂದ ಉಗ್ಗು. ಲೆಕ್ಕದಾಗ ಒಂದ್ ತಪ್ಪಿಲ್ಲ ಆದ್ರ ಲಾರಿ ಏಜೆಂಟ್ ಫೋನ್ ಬಂತು ಅಂದ್ರ ಎದಿ ಹೊಡ್ಕೊಳ್ತೈತಿ, ನೀರು ಕುಡ್ಯಾಕ ಹೋದಂಗ ಮಾಡಿ ಎದ್ದು ಹೋಗ್ತೀನಿ. ಬಸ್ಸಿನಾಗ ಗಂಗಾವತಿ ಅನ್ನಾಕ ಗ ಹೊರಡಂಗಿಲ್ಲ, ಕಂಡಕ್ಟರ್ ನಿಂತೇ ಇರ್ತಾನ, ಹಿಂದಿನವ್ರು ನೋಡ್ತಾರ, ಕಡೀಗೆ ಶ್ರೀರಾಮನಗರ ಅಂತ ಟಿಕೆಟ್ ತಗೊಂಡು ಅಲ್ಲೇ ಇಳ್ದು ಆಟೋದಾಗ ಹೋಗೀನಿ, ಎಷ್ಟ್ ಸಲ ಅಂತ ಲೆಕ್ಕ ಇಲ್ಲ. ನನ್ನ ಹೆಸರು ಬ ದಿಂದ ಶುರು, ಅದೂ ಬರಂಗಿಲ್ಲ. ಒಂದು ಊರಾಗ 15 ಸಾವಿರ ಕೊಟ್ಟು ಕೋರ್ಸ್ ಮಾಡ್ದೆ, ಅಲ್ಲಿ ಚಲೋ ಮಾತಾಡ್ದೆ, ಮನಿಗೆ ಬಂದು ಒಂದು ತಿಂಗಳಿಗೆ ಮತ್ತ ಹಂಗ. ಈಗ ಕನ್ಯಾ ನೋಡಾಕತ್ತಾರ. ನೀನು ಬಾಯಿ ಬಿಡಬ್ಯಾಡ, ಏನ್ ಕೇಳಿದ್ರೂ ನಾವ್ ಹೇಳ್ತೀವಿ, ನೀನು ನಕ್ಕು ಸುಮ್ನ ಕುಂದ್ರು ಅಂತ ನಮ್ ದೊಡ್ಡಪ್ಪ ಹೇಳ್ಯಾರ. ರಾತ್ರಿ ಒಮ್ಮೊಮ್ಮೆ ಯಾಕ್ ಬದುಕಬೇಕು ಅನಿಸ್ತೈತಿ. ಏನ್ ಮಾಡ್ಲಿ? ಹೆಸ್ರು ಹಾಕಬ್ಯಾಡ್ರಿ.

ಉತ್ತರ: ತಮ್ಮಾ, ಎಲ್ಲಾದಕ್ಕಿಂತ ಮೊದ್ಲು ಆ ರಾತ್ರಿ ಮಾತು. ಅದನ್ನ ಬರ್ದಿಯಲ್ಲ, ಚಲೋ ಮಾಡ್ದಿ, ಒಳಗ ಇಟ್ಕೊಳ್ಳೋ ಮಾತಲ್ಲ ಅದು. ಇವತ್ತೇ ಯಾರಿಗಾರ ಒಬ್ರಿಗೆ ಹೇಳು, ಅಣ್ಣ ಇರ್ಲಿ ಗೆಳೆಯ ಇರ್ಲಿ. 14416 ಅಂತ ಟೆಲಿ ಮಾನಸ್ ನಂಬರ್ ಐತಿ, ಸರ್ಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಕನ್ನಡದಾಗ ಮಾತಾಡ್ತಾರ. ಫೋನೇ ನಿನ್ನ ಕಷ್ಟ, ಅದು ನನಗ ಗೊತ್ತೈತಿ, ಅದಕ್ಕ ಗೆಳೆಯನ್ನ ಬಾಜೂಕ ಕುಂದ್ರಿಸ್ಕೊಂಡು ಮಾಡು, ಮೊದಲ ಮಾತು ಅವನೇ ಹೇಳ್ಲಿ. ಫೋನ್ ಬ್ಯಾಡ ಅನಿಸಿದ್ರ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕಡಿ ಸರ್ಕಾರಿ ಮೆಡಿಕಲ್ ಕಾಲೇಜು ಅದಾವ, ಆ ಆಸ್ಪತ್ರಿಗೆ ಹೋಗಿ ಮಾನಸಿಕ ವಿಭಾಗದಾಗ ನೇರ ತೋರಿಸು. ಹಿಂಗ ಅನಿಸೋದನ್ನ ಡಾಕ್ಟರ್ ಮುಂದ ಇಡಬೇಕು, ಉಗ್ಗಿನ ಕೆಲಸ ಅದ್ರ ಜೊತಿಗೇ ನಡಿಲಿ.

ಈಗ ಕನ್ಯಾದ ಮಾತು. ಸುಮ್ನ ಕುಂದ್ರಬ್ಯಾಡ. ದೊಡ್ಡಪ್ಪ ನಿನಗ ಕೆಟ್ಟದ್ದು ಬಯಸಿ ಹೇಳಿಲ್ಲ, ನಾಕು ಮಂದ್ಯಾಗ ಹುಡುಗ ಸಣ್ಣವ ಆಗಬಾರ್ದು ಅಂತ ಹೇಳ್ಯಾರ. ಆದ್ರ ಆ ಹುಡುಗಿ ಬಾಳ್ವಿ ಮಾಡೋದು ನಿನ್ನ ಜೊತಿಗೆ. ಅವತ್ತು ಒಂದು ತಾಸು ಮುಚ್ಚಿಟ್ರ ನಿಶ್ಚಯದ ತನಕ ಮುಚ್ಚಬೇಕು, ಆಕಿ ಫೋನ್ ಮಾಡಿದ್ರ ಕಟ್ ಮಾಡಿ ಮೆಸೇಜ್ ಮಾಡು ಅನ್ಬೇಕು, ಲಗ್ನ ಆದ ಮ್ಯಾಲ ಗೊತ್ತಾದ್ರ ಉಗ್ಗು ಐತಿ ಅನ್ನೋದಕ್ಕಿಂತ ಮುಚ್ಚಿಟ್ರು ಅನ್ನೋದು ಆಕಿಗೆ ದೊಡ್ಡದಾಗಿ ಕುಂದ್ರತೈತಿ. ಮಂಡಾಳ ಒಗ್ಗರಣಿ, ಮಿರ್ಚಿ, ಚಹಾ ಆದ ಮ್ಯಾಲ ಹುಡುಗ ಹುಡುಗಿ ಮಾತಾಡ್ಲಿ ಅಂತ ಒಂದು ಹತ್ತು ನಿಮಿಷ ಬಿಡ್ತಾರಲ್ಲ, ಬಿಡಲಿಲ್ಲಂದ್ರ ನೀನೇ ಕೇಳಿ ತಗೋ, ಕುಂತ ಕೂಡ್ಲೇ ಹೇಳಿಬಿಡು, ನನಗ ಸಣ್ಣವನಿದ್ದಾಗಿಂದ ಉಗ್ಗು ಐತ್ರಿ, ಮಾತು ತಡ ಆಗ್ತಾವ, ಆದ್ರ ಬರ್ತಾವ ಅಂತ. ಈ ಮಾತು ಹೇಳಾಗನೂ ನಾಲಿಗಿ ನಿಲ್ಲಬಹುದು, ನಿಲ್ಲಲಿ, ಆಕಿ ನೋಡ್ಲಿ. ಒಬ್ಬಿಬ್ರು ಒಲ್ಲೆ ಅನ್ನಬಹುದು. ಅದು ನೋವಾಗಂಗಿಲ್ಲ ಅಂತ ನಾ ಹೇಳಂಗಿಲ್ಲ, ಬಾಳ ನೋವಾಗ್ತೈತಿ. ಆದ್ರ ನಿನ್ನ ಉಗ್ಗು ಕೇಳಿ ಹೂಂ ಅಂದಾಕಿ ಜೊತಿ ಮನ್ಯಾಗ ನೀನು ಬಾಯಿ ತುಂಬ ಮಾತಾಡ್ತಿ. ಮಕ್ಕಳಿಗೆ ಬರ್ತೈತನು ಅಂತ ಆಕಿ ಮನಿಯವ್ರು ಕೇಳೇ ಕೇಳ್ತಾರ. ಮನಿತನದಾಗ ಇದ್ರ ಬರೋ ಸಾಧ್ಯತೆ ಸ್ವಲ್ಪ ಹೆಚ್ಚು, ಬಂದೇ ಬರ್ತೈತಿ ಅಂತಿಲ್ಲ, ಬಂದ ಮಕ್ಕಳಾಗನೂ ಬಹಳಷ್ಟು ಮಕ್ಕಳಿಗೆ ಬೆಳಿತಾ ಬೆಳಿತಾ ಹೋಗಿಬಿಡ್ತೈತಿ. ಇದನ್ನ ಹಿಂಗೇ ಹೇಳು.

ನಿನಗ ಯಾಕ ಬಂತು ಅಂತ ಕೇಳಿಲ್ಲ ಆದ್ರ ಮನಸಿನಾಗ ಇದ್ದೇ ಇರ್ತೈತಿ, ಹೆದರಿದ್ದಕ್ಕ ಬಂತು, ಯಾರೋ ಉಗ್ಗೋರನ್ನ ಅಣಕಿಸಿದ್ದಕ್ಕ ಬಂತು ಅಂತ ನಮ್ ಕಡಿ ಮಂದಿ ಹೇಳ್ತಿರ್ತಾರ. ಅವು ಯಾವೂ ಅಲ್ಲ. ಮಾತಾಡಾಕ ಉಸಿರು, ಗಂಟಲು, ನಾಲಿಗಿ, ತುಟಿ ಇಷ್ಟೂ ಒಂದೇ ತಾಳಕ್ಕ ಬೀಳಬೇಕು, ಆ ತಾಳ ಹಾಕೋ ಮೆದುಳಿನ ಕೆಲಸದಾಗ ಸಣ್ಣ ವ್ಯತ್ಯಾಸ ಇರ್ತೈತಿ, ಅದು ಬಹುಪಾಲು ರಕ್ತದಾಗ ಬಂದಿದ್ದು. 2010ರಾಗ ಅಮೆರಿಕದ ವಿಜ್ಞಾನಿಗಳು ಪಾಕಿಸ್ತಾನದ ಒಂದು ದೊಡ್ಡ ಮನಿತನದಿಂದ ಶುರು ಮಾಡಿ ಉಗ್ಗಿಗೆ ಸಂಬಂಧಪಟ್ಟ ಮೂರು ಜೀನ್ ಹುಡುಕಿದ್ರು, ಎಲ್ಲರ ಉಗ್ಗಿಗೂ ಅವೇ ಕಾರಣ ಅಂತಲ್ಲ, ಆದ್ರ ಇದು ಮನಸಿನ ದೌರ್ಬಲ್ಯ ಅಲ್ಲ ಅನ್ನೋದಕ್ಕ ಅದು ಗಟ್ಟಿ ಸಾಕ್ಷಿ. ಹೆದರಿಕಿ ಉಗ್ಗು ಹುಟ್ಟಸಂಗಿಲ್ಲ, ಇದ್ದ ಉಗ್ಗನ್ನ ಹೆಚ್ಚ ಮಾಡ್ತೈತಿ ಅಷ್ಟ. ದೊಡ್ಡವರಾಗ ನೂರಕ್ಕ ಒಬ್ಬರಿಗೆ ಇರ್ತೈತಿ, ಅದ್ರಾಗ ಒಬ್ಬ ಹೆಣ್ಮಗಳಿಗೆ ನಾಕು ಗಂಡಸರು. ನಿಮ್ಮ ಬಸ್ಸು ಸಂತಿ ದಿನ ನೂರು ಮಂದಿ ತುಂಬ್ಕೊಂಡು ಹೊಂಟಿದ್ರ ನಿನ್ನಂಥವ ಇನ್ನೊಬ್ಬ ಅದ್ರಾಗ ಇದ್ದಾನು, ಅವನೂ ಸುಮ್ನ ಕಿಟಕಿ ಕಡಿ ನೋಡ್ಕೋತ ಕುಂತಿರ್ತಾನ.

ನಮ್ಮಪ್ಪನ ವಿಷಯ ಹೇಳ್ಬೇಕು. ನನಗ ಆಗ ಹನ್ನೊಂದು ವರ್ಷ. ಎಂಟು ಕ್ವಿಂಟಲ್ ಹತ್ತಿ ಚಕ್ಕಡ್ಯಾಗ ಹಾಕ್ಕೊಂಡು ದಲಾಲಿ ಅಂಗಡಿಗೆ ಹೋಗಿದ್ವಿ, ನಾನು ಹತ್ತಿ ಚೀಲದ ಮ್ಯಾಲ ಕುಂತಿದ್ದೆ. ಎಷ್ಟಕ್ಕ ಕೊಡ್ತಿಯಪ್ಪ ಅಂತ ಸಾಹುಕಾರ ಕೇಳ್ದ. ಅಪ್ಪ ಮನ್ಯಾಗಿಂದ ಹೊಂಡಾಗೇ ಎರಡು ಸಾವಿರದ ನೂರು ಅಂತ ಅವ್ವನ ಮುಂದ ಗಟ್ಟಿ ಮಾಡ್ಕೊಂಡು ಬಂದಿದ್ದ. ಎ ಎ ಅಂತ ಶುರು ಮಾಡ್ದ, ಕುತ್ಗಿ ನರ ಉಬ್ಬಿದ್ವು, ಕಣ್ಣು ಮುಚ್ಚಿದ, ಬಲಗಾಲು ನೆಲಕ್ಕ ಬಡಿದ, ದನಿ ಇಲ್ಲ. ಸಾಹುಕಾರಗ ಹಿಂದ ಇನ್ನೂ ನಾಕು ಗಾಡಿ ಇದ್ವು. ಏನು, ಸಾವಿರದ ಒಂಬೈನೂರಾ, ಆತು ಬಿಡು ಬರ್ಕೋ ಅಂತ ಗುಮಾಸ್ತಗ ಹೇಳಿಬಿಟ್ಟ. ಅಪ್ಪ ನನ್ನ ಕಡಿ ಒಮ್ಮೆ ನೋಡ್ದ, ಆಮ್ಯಾಲ ತಲಿ ಅಲ್ಲಾಡ್ಸಿದ. ಕ್ವಿಂಟಲಿಗೆ ಇನ್ನೂರು ರೂಪಾಯಿ ಅಂದ್ರ ಸಾವಿರದ ಆರನೂರು, ಆಗಿನ ಕಾಲಕ್ಕ. ಆವತ್ತು ರಾತ್ರಿ ನಾನು ಎದ್ದು ಹೊರಗ ಬಂದ್ರ ಕೊಟ್ಟಿಗ್ಯಾಗ ಎತ್ತಿಗೆ ಹುಲ್ಲು ಹಾಕ್ಕೋತ ಅಪ್ಪ ಹೇಳಾಕತ್ತಿದ್ದ, ಎರಡು ಸಾವಿರದ ನೂರು, ಎರಡು ಸಾವಿರದ ನೂರು. ಒಂದು ಅಕ್ಷರನೂ ಸಿಕ್ಕೊಳ್ಳಲಿಲ್ಲ. ಒಬ್ಬನ ಇದ್ದಾಗ, ದನಕರದ ಮುಂದ, ಭಜನಿ ಹಾಡಾಗ, ನಾಕು ಮಂದಿ ಕೂಡಿ ಒಂದೇ ದನಿಲೆ ಓದಾಗ ಉಗ್ಗು ಕಮ್ಮಿ ಆಗ್ತೈತಿ, ನಿನಗೂ ಹಂಗೇ ಇರಬೇಕು. ನೋಡಿದ್ರಾ, ಹಾಡಾಕ ಬರ್ತೈತಿ, ಮಾತಾಡಾಕ ಬರಂಗಿಲ್ಲ ಅಂತ ನಾಟಕ ಮಾಡ್ತಾನ ಅಂತ ಮಂದಿ ಅಂತಾರ, ಅದು ನಾಟಕ ಅಲ್ಲ. ಹಾಡಿಗೆ ತಾಳ ಹೊರಗಿಂದ ಸಿಗ್ತೈತಿ, ಉತ್ರ ಕಾಯ್ಕೋತ ಎದ್ರಿಗೆ ಯಾರೂ ನಿಂತಿರಂಗಿಲ್ಲ.

ನನ್ನ ಕೆಲಸದಾಗ ನಾನು ಕಂಡಿದ್ದು ಏನಂದ್ರ ಉಗ್ಗು ಕೊಡೋ ತ್ರಾಸಿಗಿಂತ ಉಗ್ಗು ಮುಚ್ಚಿಡಾಕ ಪಡೋ ತ್ರಾಸು ದೊಡ್ಡದು. ಜೋಸೆಫ್ ಶೀಹನ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರಿದ್ರು, ಅವರೂ ಉಗ್ಗೋರೇ, ಉಗ್ಗು ಅಂದ್ರ ಸಮುದ್ರದಾಗ ತೇಲೋ ಹಿಮದ ಗುಡ್ಡ ಇದ್ದಂಗ, ಮ್ಯಾಲ ಕಾಣೋದು ಸ್ವಲ್ಪ, ನೀರಿನ ಕೆಳಗ ನಾಚಿಕಿ, ಹೆದರಿಕಿ, ತಪ್ಪಿತಸ್ಥ ಅನ್ನೋ ಭಾವನೆ ಎಲ್ಲಾ ಅಡಗಿರ್ತಾವ ಅಂದ್ರು. ನಾವು ಹಿಮದ ಗುಡ್ಡ ನೋಡಿಲ್ಲ, ಆನೆಗೊಂದಿ ಹತ್ರ ಹೊಳ್ಯಾಗ ಬಂಡೆಗಲ್ಲು ನೋಡೀವಿ. ಹೊಳಿ ತುಂಬಿದಾಗ ಬರೇ ನೆತ್ತಿ ಕಾಣ್ತೈತಿ, ಬ್ಯಾಸಿಗ್ಯಾಗ ನೋಡಿದ್ರ ಆನಿ ಮಲಗಿದಂಗ ಇರ್ತೈತಿ. ನೀನು ಶ್ರೀರಾಮನಗರಕ್ಕ ಇಳ್ದು ಆಟೋ ಹಿಡಿಯೋದು, ಫೋನ್ ಬಂದ್ರ ನೀರಿಗೆ ಏಳೋದು, ಸಿಕ್ಕೊಳ್ಳೋ ಮಾತು ಬಿಟ್ಟು ಇನ್ನೊಂದು ಮಾತು ಹುಡ್ಕೋದು, ಇವೆಲ್ಲಾ ಆ ನೀರಿನ ಕೆಳಗಿಂದು. ಅವತ್ತಿನ ಮಟ್ಟಿಗೆ ಪಾರಾದ್ಯಪ್ಪ ಅನಿಸ್ತೈತಿ, ಮರುದಿನ ಗಂಗಾವತಿ ಅನ್ನೋ ಹೆಸರು ಇನ್ನೂ ದೊಡ್ಡ ದೆವ್ವ ಆಗಿರ್ತೈತಿ. ನಿನ್ನ ಹೆಸರು ಬಾಯಾಗ ಸಿಕ್ಕೊಳ್ಳೋದು ಇದಕ್ಕೇ, ಬ್ಯಾರೆ ಮಾತಿಗೆ ಬದಲಿ ಸಿಗ್ತೈತಿ, ಹೆಸರಿಗೆ ಬದಲಿ ಇಲ್ಲ.

ಅದಕ್ಕ ಮೊದಲ ಕೆಲಸ ಗಂಗಾವತಿಗೆ ಗಂಗಾವತಿ ಅಂತಾನೇ ಟಿಕೆಟ್ ತಗೋ. ಗ ಗ ಗ ಅಂದು ತಗೋ, ಅರ್ಧ ನಿಮಿಷ ಹಿಡೀಲಿ. ಇದ್ರಾಗ ಒಂದು ಪದ್ಧತಿ ಐತಿ, ಚಾರ್ಲ್ಸ್ ವ್ಯಾನ್ ರೈಪರ್ ಅಂತ ಇನ್ನೊಬ್ರು ಉಗ್ಗೋ ಥೆರಪಿಸ್ಟ್ ಬೆಳೆಸಿದ್ದು, ಉಗ್ಗದಂಗ ಮಾಡೋದಲ್ಲ, ಸಲೀಸಾಗಿ ಉಗ್ಗೋದು ಕಲಿಯೋದು. ಮಾತು ಸಿಕ್ಕಾಗ ನೀನು ಏನ್ ಮಾಡ್ತಿ, ಬಲ ಹಾಕ್ತಿ, ತುಟಿ ಒತ್ತಿ ಹಿಡಿತಿ, ಉಸಿರು ಕಟ್ತಿ, ಅದು ಹಗ್ಗದ ಗಂಟು ಬಿಚ್ಚಾಕ ಎರಡೂ ತುದಿ ಜಗ್ಗಿದಂಗ. ಬ ಹತ್ರ ತುಟಿ ಕೂಡಿ ಸಿಕ್ಕಾವ ಅಂದ್ರ ಅಲ್ಲೇ ನಿಲ್ಲು, ತುಟಿ ಸಡಿಲ ಬಿಡು, ಸ್ವಲ್ಪ ಗಾಳಿ ಹೊರಗ ಹೋಗ್ಲಿ, ಮೆಲ್ಲಕ ಮುಂದಿನ ಅಕ್ಷರಕ್ಕ ಜಾರು. ಪೂರಾ ಸಿಕ್ಕು ಹೆಂಗೋ ಹೊರಗ ಬಂದಿತ್ತಂದ್ರ ಎರಡು ಕ್ಷಣ ಸುಮ್ನಿದ್ದು ಅದೇ ಮಾತನ್ನ ಮತ್ತೊಮ್ಮೆ ಸಲೀಸಾಗಿ ಹೇಳು. ಇನ್ನೊಂದು ವಿಚಿತ್ರ ಅನಿಸ್ತೈತಿ ನಿನಗ, ಬೇಕಂತ ಉಗ್ಗೋದು. ಉಗ್ಗು ಬರದೇ ಇರೋ ಮಾತಿನಾಗೂ ಕಿರಾಣಿ ಅಂಗಡ್ಯಾಗ ಸ ಸ ಸಕ್ರಿ ಕೊಡ್ರಿ ಅನ್ನು, ನೀನೇ ಮನಸಾರೆ. ಮೊದಲ ದಿನ ಬೆವರು ಬರ್ತೈತಿ, ಹತ್ತನೇ ದಿನ ಅಂಗಡಿಯವ ಸಕ್ರಿ ಕಟ್ಟಿ ಕೊಟ್ಟ ಅಷ್ಟ, ಜಗತ್ತು ಮುಳುಗಲಿಲ್ಲ ಅಂತ ಮೈಗೇ ಗೊತ್ತಾಗ್ತೈತಿ.

ಫೋನಿಗೂ ಹಂಗ. ಫೋನಿನಾಗ ನಿನ್ನ ಮಾರಿ ಕಾಣಂಗಿಲ್ಲ, ಸುಮ್ನಾದ್ರ ಆಕಡಿ ಮನಷ ಹಲೋ ಹಲೋ ಅಂತಾನ, ಲೈನ್ ಕಟ್ಟಾಗೈತಿ ಅಂದ್ಕೊಂತಾನ. ಎತ್ತಿದ ಕೂಡ್ಲೇ ಹೇಳು, ನನ್ನ ಮಾತು ಸ್ವಲ್ಪ ನಿಲ್ತೈತ್ರಿ, ಲೈನಿನಾಗ ಇರ್ರಿ ಅಂತ. ಮೊದ್ಲು ಪರಿಚಯ ಇರೋ ಏಜೆಂಟಿಗೆ ನೀನೇ ಮಾಡು, ದಿನಕ್ಕ ಒಂದೇ ಸಾಕು, ಆಮ್ಯಾಲ ಪರಿಚಯ ಇಲ್ಲದವ್ರಿಗೆ. ಮಿಲ್ಲಿನ ಮಾಲಕರಿಗೂ ಹೇಳಿಡು, ನೀರಿಗೆ ಎದ್ದು ಹೋಗೋದು ಅವರೂ ನೋಡಿರ್ತಾರ.

ಆ 15 ಸಾವಿರದ ಕೋರ್ಸ್. ಇಷ್ಟು ದಿನದಾಗ ಗ್ಯಾರಂಟಿ ಗುಣ ಅಂತ ಯಾರಾರ ಹೇಳಿದ್ರ ಅಲ್ಲಿಂದ ಎದ್ದು ಬಾ. ನಿಧಾನ ಎಳೆದು ಎಳೆದು ಮಾತಾಡಿದ್ರ ನಾಕು ಗ್ವಾಡಿ ನಡುವ ಉಗ್ಗು ನಿಲ್ತೈತಿ, ಅದು ಖರೇನೇ, ಆದ್ರ ಮಿಲ್ಲಿನಾಗ ಲೋಡ್ ಬಂದಾಗ ಹಂಗ ಎಳೆದು ಮಾತಾಡಾಕ ಯಾರಿಂದ ಆಗ್ತೈತಿ. ಮತ್ತ ಬಂದಿದ್ದು ನಿನ್ನ ಸೋಲಲ್ಲ ತಮ್ಮಾ, ದೊಡ್ಡವರ ಉಗ್ಗಿನ ಗುಣವೇ ಹಂಗ, ಏರ್ತೈತಿ ಇಳಿತೈತಿ. ಇದಕ್ಕ ಗುಳಿಗಿ ಇಲ್ಲ. ಕಲ್ತ ಥೆರಪಿಸ್ಟ್ ಬೇಕು ಅಂದ್ರ ಮೆಡಿಕಲ್ ಕಾಲೇಜ್ ಆಸ್ಪತ್ರಿ ಇಎನ್‌ಟಿ ವಿಭಾಗದಾಗ ಕೇಳು, 1965ರಾಗ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಐತಿ, ದೂರ ಆದ್ರೂ ಒಮ್ಮೆ ಹೋಗಿ ಪರೀಕ್ಷೆ ಮಾಡಿಸ್ಕೊಂಡು ಬಂದ್ರ ದಾರಿ ಸಿಗ್ತೈತಿ. ಉಗ್ಗೋರೇ ಕೂಡಿ ನಡೆಸೋ ದಿ ಇಂಡಿಯನ್ ಸ್ಟ್ಯಾಮರಿಂಗ್ ಅಸೋಸಿಯೇಷನ್ ಅಂತಾನೂ ಐತಿ, ಅಲ್ಲಿ ಉಗ್ಗೋರು ಉಗ್ಗೋರ ಮುಂದ ಮಾತಾಡ್ತಾರ, ಯಾರೂ ನಿನ್ನ ಮಾತು ಮುಗಿಸಿ ಕೊಡಂಗಿಲ್ಲ. ಹತ್ತು ಜನ ಉಗ್ಗೋರನ್ನ ಒಂದೇ ಕಡಿ ನೋಡಿದಾಗ ಆಗೋದು ನಾನು ಎಷ್ಟು ಹೇಳಿದ್ರೂ ಆಗಂಗಿಲ್ಲ.

ಪ್ರಶ್ನೆ: ಅಕ್ಕಾ, ನಾನು ಕೊಪ್ಪಳದಿಂದ. ನನ್ನ ಮಗಗ ಮೂರೂವರಿ ವರ್ಷ, ಪಟಪಟ ಮಾತಾಡ್ತಿದ್ದ. ನಾಕು ತಿಂಗಳಿಂದ ಒಮ್ಮಿಂದೊಮ್ಮೆಲೇ ಅ ಅ ಅ ಅವ್ವಾ ಅನ್ನಾಕತ್ತಾನ. ಬಾಜೂ ಮನಿ ಹುಡುಗನ್ನ ನೋಡಿ ಕಲ್ತಾನ, ನೀನು ಆಡಾಕ ಬಿಟ್ಟಿ ಅಂತ ಅತ್ತಿ ನನ್ನ ಬೈತಾರ, ದಿನಾ ಬಜಿ ತೇದು ನಾಲಿಗಿಗೆ ಹಚ್ಚಾಕತ್ತಾರ. ನಾಲಿಗಿ ಕೆಳಗಿನ ನರ ಕೊಯ್ಸಿದ್ರ ಸರಿ ಆಗ್ತೈತಿ ಅಂತ ಯಾರೋ ಹೇಳಿದ್ರು. ನಾನು ಕೆಲಸಕ್ಕ ಹೋಗಾಕಿ, ನನ್ನ ತಪ್ಪೇನು ಇದ್ರಾಗ?

ಉತ್ತರ: ನಿನ್ನ ತಪ್ಪು ಏನೂ ಇಲ್ಲ ತಂಗಿ. ಕೆಲಸಕ್ಕ ಹೋಗಿದ್ದು ತಪ್ಪಲ್ಲ, ಆಡಾಕ ಬಿಟ್ಟಿದ್ದು ತಪ್ಪಲ್ಲ. ಒಂದು ಕಾಲಕ್ಕ ದೊಡ್ಡ ದೊಡ್ಡ ವಿದ್ವಾಂಸರೇ ತಾಯಿ ತಂದಿ ಟೋಕಿ ಟೋಕಿ ಉಗ್ಗು ಬರಸ್ತಾರ ಅಂದಿದ್ರು, ಎಷ್ಟೋ ತಾಯಂದ್ರು ಅದನ್ನ ಕೇಳಿ ಜೀವನಪೂರ್ತಿ ಕೊರಗಿದ್ರು, ಆ ಮಾತು ಈಗ ಬಿದ್ದುಹೋಗೈತಿ. ನೋಡಿ ಕಲಿಯೋ ರೋಗ ಅಲ್ಲ ಇದು. ಎರಡರಿಂದ ಐದು ವರ್ಷದಾಗೇ ಇದು ಶುರು ಆಗೋದು, ಮಕ್ಕಳು ದೊಡ್ಡ ದೊಡ್ಡ ಮಾತು ಜೋಡ್ಸೋ ಹೊತ್ತು ಅದು, ಮಲಗಿ ಎದ್ದಾಗ ಬಂತು ಅನ್ನುವಷ್ಟು ಒಮ್ಮಿಂದೊಮ್ಮೆಲೇ ಬರೋದೂ ಐತಿ.

ನರ ಕೊಯ್ಸೋ ಮಾತು ಕೇಳಲೇಬ್ಯಾಡ. 1841ರಾಗ ಜರ್ಮನಿಯ ಡೀಫೆನ್‌ಬಾಕ್ ಅನ್ನೋ ದೊಡ್ಡ ಸರ್ಜನ್ ಉಗ್ಗೋರ ನಾಲಿಗಿನೇ ಕೊಯ್ದು ಗುಣ ಮಾಡ್ತೀನಿ ಅಂತ ಹೊಂಟಿದ್ದ, ಅರಿವಳಿಕಿ ಇಲ್ಲದ ಕಾಲ, ರಕ್ತ ಹರೀತು, ಉಗ್ಗು ಹೋಗಲಿಲ್ಲ. ಉಗ್ಗು ನಾಲಿಗ್ಯಾಗ ಇಲ್ಲ. ಬಜಿನೂ ಬಿಡಿಸು, ಅದ್ರಿಂದ ಉಗ್ಗು ಹೋಗಂಗಿಲ್ಲ, ದಿನಾ ಸಣ್ಣ ಮಗುವಿನ ಹೊಟ್ಟಿಗೆ ಹೋಗೋದು ಚಲೋ ಅಲ್ಲ. ಅತ್ತಿಗೆ ಹೇಳೋದು ಕಷ್ಟ ಗೊತ್ತು, ಅವರನ್ನೂ ಕರ್ಕೊಂಡು ಡಾಕ್ಟರ್ ಹತ್ರ ಹೋಗು, ಡಾಕ್ಟರ್ ಬಾಯಿಂದ ಬಂದ್ರ ಕೇಳ್ತಾರ.

ಮನ್ಯಾಗ ಮಾಡೋದು ಇಷ್ಟ. ನಿಧಾನ ಹೇಳು, ಉಸಿರು ತಗೋ, ಮತ್ತೊಮ್ಮೆ ಹೇಳು ಅಂತ ಅನ್ನೋದು ಬಿಟ್ಟುಬಿಡ್ರಿ, ಅವನಿಗೆ ತಾನು ಏನೋ ತಪ್ಪು ಮಾಡಾಕತ್ತೀನಿ ಅನಿಸ್ತೈತಿ. ಅವನು ಅ ಅ ಅನ್ನಾಗ ನೀನು ಕೆಳಗ ಕುಂತು ಅವನ ಕಣ್ಣಿಗೆ ಕಣ್ಣು ಕೊಟ್ಟು ಅವ್ವಾ ಅನ್ನೋದು ಪೂರಾ ಬರೋತನ ಕಾಯಿ, ಅವನ ಬದ್ಲಿ ನೀನು ಮುಗಿಸಬ್ಯಾಡ. ನೀನೇ ನಿಧಾನ ಮಾತಾಡು, ಮಾತಿನ ನಡುವ ಒಂದು ಉಸಿರು ಬಿಡು. ರಾತ್ರಿ ಮಲಗೋ ಮುಂಚೆ ಹತ್ತು ನಿಮಿಷ ಮೊಬೈಲ್ ಪಕ್ಕಕ್ಕಿಟ್ಟು ಅವನ ಜೊತಿ ಒಬ್ಬಾಕಿನೇ ಕುಂತ್ಕೋ, ಅವ ಏನ್ ಹೇಳ್ತಾನ ಹೇಳ್ಲಿ.

ಬಹಳಷ್ಟು ಮಕ್ಕಳಿಗೆ ತಾನಾಗೇ ಹೋಗ್ತೈತಿ. ಆದ್ರ ನಿನ್ನ ಮಗ ಗಂಡು, ಗಂಡು ಹುಡುಗರಾಗ ಉಳಿಯೋದು ಹೆಚ್ಚು, ಮನಿತನದಾಗ ಯಾರಿಗಾರ ದೊಡ್ಡವ್ರಾದ ಮ್ಯಾಲೂ ಉಗ್ಗು ಇತ್ತಂದ್ರ ಇನ್ನೂ ಹೆಚ್ಚು. ಆರು ತಿಂಗಳು ದಾಟಿದ್ರ, ಇಲ್ಲಾ ಮಾರಿ ಕಿವುಚಿ, ಕಣ್ಣು ಮಿಟುಕಿಸಿ ಬಲ ಹಾಕಾಕತ್ತಿದ್ರ, ಇಲ್ಲಾ ನನಗ ಮಾತಾಡಾಕ ಬರವಲ್ದು ಅಂತ ಅವನೇ ಅಂದ್ರ ಮಾರನೇ ದಿನಾನೇ ಹೋಗು. ದೊಡ್ಡವನಾದ್ರ ಸರಿ ಆಗ್ತೈತಿ ಬಿಡು ಅಂತ ಶಾಲಿಗೆ ಹೋಗೋತನ ಕಾಯಬ್ಯಾಡ. ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರಿಯಾಗ ಸಣ್ಣ ಮಕ್ಕಳ ಬೆಳವಣಿಗಿ ನೋಡೋ ಡಿಇಐಸಿ ಅಂತ ಕೇಂದ್ರ ಇರ್ತೈತಿ, ಅಲ್ಲಿಂದ ಶುರು ಮಾಡು. ಈ ವಯಸ್ಸಿನವ್ರಿಗೆ ಲಿಡ್‌ಕೂಂಬ್ ಅಂತ ಆಸ್ಟ್ರೇಲಿಯಾದಾಗ ಹುಟ್ಟಿದ ಒಂದು ಪದ್ಧತಿ ಐತಿ, ಥೆರಪಿಸ್ಟ್ ತಾಯಿಗೆ ಕಲಿಸ್ತಾರ, ತಾಯಿ ಮನ್ಯಾಗ ಆಡ್ಕೋತ ಮಾಡಸ್ತಾಳ, ಕೇಳಿ ನೋಡು.

ಪ್ರಶ್ನೆ: ಮೇಡಂ, ನಾನು ಮಾನ್ವಿ ತಾಲೂಕಿನ ಹೈಸ್ಕೂಲ್ ಶಿಕ್ಷಕ. ಎಂಟನೇ ಕ್ಲಾಸಿನ ಒಬ್ಬ ಹುಡುಗ ಹಾಜರಿ ಕೂಗಿದಾಗ ಉತ್ತರ ಕೊಡ್ತಿರಲಿಲ್ಲ, ಎರಡು ದಿನ ಆಬ್ಸೆಂಟ್ ಹಾಕಿಬಿಟ್ಟೆ. ಆಮೇಲೆ ಗೊತ್ತಾಯ್ತು, ಅವನಿಗೆ ಯೆಸ್ ಸಾರ್ ಅನ್ನೋಕೆ ಬರ್ತಿರಲಿಲ್ಲ. ರಾತ್ರಿ ನಿದ್ದೆ ಬರಲಿಲ್ಲ. ಓದಿಸೋದು ಬಿಟ್ಟುಬಿಡಲಾ?

ಉತ್ತರ: ಸರ್, ನಿದ್ದಿ ಬರಲಿಲ್ಲ ಅಂದ್ರಲ್ಲ, ಆ ಹುಡುಗನ ಪುಣ್ಯ. ನಾಳೆಯಿಂದ ಇಡೀ ಕ್ಲಾಸಿಗೆ ಕೈ ಎತ್ತಿ ಹಾಜರಿ ಕೊಡಾಕ ಹೇಳ್ರಿ, ಅವನೊಬ್ಬನಿಗೇ ಅಂದ್ರ ಮತ್ತ ಬ್ಯಾರೆ ಮಾಡ್ದಂಗ ಆಗ್ತೈತಿ. ಆ ಎರಡು ಆಬ್ಸೆಂಟ್ ಅವನ ಮುಂದೇ ತಿದ್ರಿ. ಓದಿಸೋದು ಬಿಡಬ್ಯಾಡ್ರಿ, ಬಿಟ್ರ ಅವನಿಗೆ ಬರಂಗಿಲ್ಲ ಅಂತ ನೀವೇ ಶಿಕ್ಕಾ ಹೊಡ್ದಂಗ. ಆದ್ರ ಬೆಂಚಿನ ಸಾಲ್‌ಪ್ರಕಾರ ಓದಿಸಬ್ಯಾಡ್ರಿ, ತನ್ನ ಪಾಳಿಗೆ ಯಾವ ಪ್ಯಾರಾ ಬರ್ತೈತಿ, ಅದ್ರಾಗ ಯಾವ ಅಕ್ಷರ ಸಿಕ್ಕೊಳ್ತೈತಿ ಅಂತ ಅವ ಎಣಿಸ್ಕೋತ ಕುಂತಿರ್ತಾನ, ಆ ಅರ್ಧ ತಾಸು ಪಾಠ ಅವನ ತಲಿಗೆ ಹೋಗಂಗಿಲ್ಲ. ಇಬ್ಬಿಬ್ರು ಕೂಡಿ ಒಂದೇ ದನಿಲೆ ಓದಂಗ ಮಾಡ್ರಿ, ಎಲ್ಲಾರೂ ಜೋಡಿ, ಅವನೂ ಸಲೀಸಾಗಿ ಓದ್ತಾನ. ಕ್ಲಾಸ್ ಮುಗದ ಮ್ಯಾಲ ಅವನನ್ನ ಒಬ್ಬನ್ನೇ ಕರ್ದು ಕೇಳ್ರಿ, ನಿನಗ ಹೆಂಗ್ ಅನುಕೂಲ, ಕೈ ಎತ್ತಿದಾಗ ಕೇಳ್ಲಾ, ನಾನೇ ಕೇಳ್ಲಾ ಅಂತ. ಇಲ್ಲಿತನ ಯಾವ ಮೇಷ್ಟ್ರೂ ಅವನನ್ನ ಹಿಂಗ ಕೇಳಿರಲಿಕ್ಕಿಲ್ಲ. ಉಗ್ಗ ಅಂತ ಯಾವನಾರ ಕೂಗಿದ್ರ ಅಲ್ಲೇ ನಿಲ್ಲಿಸ್ರಿ, ನಗ್ತಾ ಬಿಟ್ಟುಬಿಡಬ್ಯಾಡ್ರಿ.

ಅವ ಉತ್ತರ ಹೇಳಾಕ ನಿಂತಾಗ ಮಾತು ಸಿಕ್ರ ಬೋರ್ಡ್ ಕಡಿ ತಿರುಗಬ್ಯಾಡ್ರಿ, ಅವನ ಮಾರಿನೇ ನೋಡ್ಕೋತ ನಿಲ್ರಿ, ಅವ ಮುಗಿಸೋತನ. ಅರ್ಧವಾರ್ಷಿಕ ಪರೀಕ್ಷೆ ಆದ ಮ್ಯಾಲ ಒಂದು ಪತ್ರ ಹಾಕ್ರಿ, ಅವ ಏನ್ ಹೇಳಿದ ಅಂತ ನನಗೂ ಕೇಳಬೇಕು.